ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ನಿಜವಾಗಿ ಎಷ್ಟು ದೂರ? ಎಷ್ಟು ಗಂಟೆ ಕೂತಿರಬೇಕು?

ಹೇಮಾವತಿ ತೀರ, ಹಾಸನ
14 ನವೆಂಬರ್ 2023

ಎಲ್ಲರಿಗೂ ನಮಸ್ಕಾರ. ನಾನು ಹಾಸನದವಳು. 33 ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಿಯಾಗಿದ್ದೇನೆ. ಈಗ 62 ವಯಸ್ಸು. ಮಗಳು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದಾಳೆ. ಡಿಸೆಂಬರ್ ಕೊನೆಗೆ ಅವಳಿಗೆ ಹೆರಿಗೆ. ಬಾಣಂತನಕ್ಕೆ ನಾನು ಹೋಗಬೇಕು. ನಮ್ಮ ಯಜಮಾನರಿಗೆ ಅಷ್ಟು ಹೊತ್ತು ಕೂರಲು ಆಗುವುದಿಲ್ಲ, ಆದ್ದರಿಂದ ಒಬ್ಬಳೇ ಹೊರಟಿದ್ದೇನೆ. ಇದುವರೆಗೆ ನಾನು ವಿಮಾನ ಹತ್ತಿರುವುದು ಒಂದೇ ಸಲ, ದೆಹಲಿಗೆ.

ಎಲ್ಲೂ ಇಳಿದು ಹತ್ತುವ ಕೆಲಸ ಬೇಡ ಅಂತ ಮಗಳು ನೇರ ವಿಮಾನವನ್ನೇ ಮಾಡಿಸಿದ್ದಾಳೆ. ಏಜೆಂಟ್ ಕಳಿಸಿದ ಚೀಟಿಯಲ್ಲಿ ಹೊರಡುವ ಹೊತ್ತು, ತಲುಪುವ ಹೊತ್ತು ಮಾತ್ರ ಇದೆ. ಡಿಸೆಂಬರ್ ಮೊದಲ ವಾರ ಮಧ್ಯಾಹ್ನ 2:30ಕ್ಕೆ ಬೆಂಗಳೂರು ಬಿಡುವುದು. ಅದೇ ತಾರೀಖು ಸಂಜೆ 5ಕ್ಕೆ ಸ್ಯಾನ್ ಫ್ರಾನ್ಸಿಸ್ಕೋ. ಮೇ ಕೊನೆಗೆ ವಾಪಸ್ಸು. ಅಲ್ಲಿ ರಾತ್ರಿ 9ಕ್ಕೆ ಹೊರಟರೆ ಇಲ್ಲಿಗೆ ಬರುವುದು ಮಾರನೇ ದಿನವೂ ಅಲ್ಲ, ಅದರ ಮಾರನೇ ದಿನ ನಸುಕಿನ 2:30ಕ್ಕೆ. ಸಮಯದ ವ್ಯತ್ಯಾಸ ಇರುತ್ತದೆ ಅಂತ ಗೊತ್ತು. ಆದರೆ ಬೆರಳು ಮಡಚಿ ಎಣಿಸಿದರೆ ಒಂದೊಂದು ಸಲ ಒಂದೊಂದು ಲೆಕ್ಕ ಬರುತ್ತಿದೆ.

ದೂರದ್ದೂ ಇದೇ ಕಥೆ. ಎರಡು ಏರ್‌ಪೋರ್ಟ್‌ಗಳ ಹೆಸರು ಹಾಕಿದರೆ ದೂರ ಹೇಳುವ ಜಾಲತಾಣಗಳಿವೆಯಲ್ಲ, ಅವುಗಳಲ್ಲಿ ನೋಡಿದೆ. ಒಂದರಲ್ಲಿ 13,990 ಕಿಲೋಮೀಟರ್. ಇನ್ನೊಂದರಲ್ಲಿ 8,690 ಮೈಲಿ. ಮತ್ತೊಂದರಲ್ಲಿ 7,550 ಮೈಲಿ. ಮೊದಲ ಎರಡು ತಾಳೆಯಾಗುತ್ತವೆ. ಮೂರನೆಯದನ್ನು ಕಿಲೋಮೀಟರ್ ಮಾಡಿದರೆ 1,800ಕ್ಕೂ ಜಾಸ್ತಿ ಕಮ್ಮಿ ಬರುತ್ತೆ. ಯಾವುದನ್ನು ನಂಬುವುದು?

ಇಷ್ಟು ವಿವರ ಯಾಕೆ ಕೇಳುತ್ತಿದ್ದೇನೆ ಅಂದರೆ ನನಗೆ ಸಕ್ಕರೆ ಕಾಯಿಲೆ ಇದೆ. ಬೆಳಿಗ್ಗೆ ಒಂದು, ರಾತ್ರಿ ಒಂದು ಮಾತ್ರೆ. ಖಾಲಿ ಹೊಟ್ಟೆಗೆ ಥೈರಾಯ್ಡ್ ಮಾತ್ರೆ ಬೇರೆ. ಬೆಳಿಗ್ಗೆ ಯಾವುದು, ರಾತ್ರಿ ಯಾವುದು ಅಂತಲೇ ಗೊತ್ತಾಗದ ಪ್ರಯಾಣದಲ್ಲಿ ಎಷ್ಟು ಗಂಟೆಗೊಮ್ಮೆ ನುಂಗಬೇಕು? ಮೊಣಕಾಲೂ ಅಷ್ಟು ಚೆನ್ನಾಗಿಲ್ಲ. ಹೋಗುವಾಗ ಎಷ್ಟು ಗಂಟೆ, ಬರುವಾಗ ಎಷ್ಟು ಗಂಟೆ, ಯಾಕೆ ಬೇರೆ ಬೇರೆ, ಗೊತ್ತಿದ್ದವರು ಬಿಡಿಸಿ ಹೇಳಿ.

ತುಮಕೂರು ಟು ಸನ್ನಿವೇಲ್
14 ನವೆಂಬರ್ 2023

ನಮಸ್ಕಾರ ಮೇಡಂ. ನಾನಿರುವುದು ಫ್ರೀಮಾಂಟ್‌ಗೆ ಹತ್ತಿರದಲ್ಲೇ. ಹೋದ ವರ್ಷ ನಮ್ಮಮ್ಮನೂ ಇದೇ ವಿಮಾನದಲ್ಲಿ ಬಂದರು. ಅವರಿಗೆ ಹೇಳಿಕೊಟ್ಟ ಉಪಾಯವನ್ನೇ ನಿಮಗೂ ಹೇಳುತ್ತೇನೆ. ಎರಡೂ ಕಡೆಯ ಸಮಯವನ್ನು ಭಾರತದ ಸಮಯಕ್ಕೆ ತನ್ನಿ, ಆಮೇಲೆ ಕಳೆಯಿರಿ.

ಡಿಸೆಂಬರ್‌ನಲ್ಲಿ ಇಲ್ಲಿಯ ಗಡಿಯಾರ ಅಲ್ಲಿಗಿಂತ ಹದಿಮೂರೂವರೆ ಗಂಟೆ ಹಿಂದೆ. ಇಲ್ಲಿಯ ಸಂಜೆ 5 ಅಂದರೆ ಹಾಸನದಲ್ಲಿ ಮಾರನೇ ದಿನ ಬೆಳಿಗ್ಗೆ 6:30. ಮಧ್ಯಾಹ್ನ 2:30ರಿಂದ ಬೆಳಿಗ್ಗೆ 6:30ಕ್ಕೆ 16 ಗಂಟೆ. ಇದು ಹೋಗುವ ಪ್ರಯಾಣ.

ಮೇ ತಿಂಗಳಲ್ಲಿ ವ್ಯತ್ಯಾಸ ಹನ್ನೆರಡೂವರೆ ಗಂಟೆ ಮಾತ್ರ. ಇಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದೆ ಇಡುತ್ತಾರೆ, ನವೆಂಬರ್‌ನ ಮೊದಲ ಭಾನುವಾರ ಹಿಂದೆ ಇಡುತ್ತಾರೆ. ನಿಮ್ಮ ಬೆರಳ ಲೆಕ್ಕ ತಪ್ಪಿದ್ದು ಇಲ್ಲೇ ಇರಬೇಕು. ಮೇನಲ್ಲಿ ಇಲ್ಲಿಯ ರಾತ್ರಿ 9 ಅಂದರೆ ಹಾಸನದಲ್ಲಿ ಮಾರನೇ ದಿನ ಬೆಳಿಗ್ಗೆ 9:30. ಅಲ್ಲಿಂದ ನಸುಕಿನ 2:30ರವರೆಗೆ 17 ಗಂಟೆ.

ಹೋಗುವಾಗ 16, ಬರುವಾಗ 17. ಭೂಮಿ ಪೂರ್ವಕ್ಕೆ ತಿರುಗುತ್ತೆ ಅಲ್ವಾ, ಅದಕ್ಕೇ ಈ ಒಂದು ಗಂಟೆಯ ವ್ಯತ್ಯಾಸ. 7,550 ಅಂತ ತೋರಿಸಿದ ಜಾಲತಾಣ ತಪ್ಪು ಅಂತ ಕಾಣುತ್ತೆ, ಬಿಟ್ಟುಬಿಡಿ.

ಹಳೆಯ ನ್ಯಾವಿಗೇಟರ್, ಮಡಿಕೇರಿ
15 ನವೆಂಬರ್ 2023

ಮೇಡಂ, ತುಮಕೂರಿನ ತಮ್ಮ ಗಂಟೆಗಳ ಲೆಕ್ಕವನ್ನು ಸರಿಯಾಗಿ ಬಿಡಿಸಿದ್ದಾರೆ. ಉಳಿದ ಎರಡು ವಿಷಯ ನಾನು ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತೆ. ಇದು ನನ್ನ ಕಸುಬಾಗಿತ್ತು, ಈಗಲೂ ಇದರ ಮಾತು ಬಂದರೆ ನನಗೆ ಬೇರೆ ಕೆಲಸ ನೆನಪಾಗುವುದಿಲ್ಲ.

ನಾನು ವಾಯುಪಡೆಯಲ್ಲಿ ನ್ಯಾವಿಗೇಟರ್ ಆಗಿದ್ದೆ. ಮೊದಲು ಎಎನ್-12, ಆಮೇಲೆ ಐಎಲ್-76. ಐಎಲ್-76ರಲ್ಲಿ ನ್ಯಾವಿಗೇಟರ್ ಕೂರುವ ಜಾಗ ಪೈಲಟ್‌ಗಳ ಕೆಳಗೆ, ವಿಮಾನದ ಮೂಗಿನಲ್ಲಿ. ಮುಂದೆಲ್ಲ ಗಾಜು. ತೊಡೆಯ ಮೇಲೆ ನಕ್ಷೆ, ಕೈಯಲ್ಲಿ ಪೆನ್ಸಿಲ್, ಡಿವೈಡರ್. ಎಷ್ಟು ದೂರ, ಎಷ್ಟು ಹೊತ್ತು ಅನ್ನುವ ಪ್ರಶ್ನೆಗೆ ಉತ್ತರ ಕೊಡುವುದೇ ನನ್ನ ಕೆಲಸ.

7,550 ಕೂಡ ಸರಿ ಮೇಡಂ. ಅದು ನಾಟಿಕಲ್ ಮೈಲಿ. ಹಡಗಿನವರೂ ವಿಮಾನದವರೂ ಬಳಸುವುದು ಅದನ್ನೇ. ರಸ್ತೆಯ ಮೈಲಿ 1.609 ಕಿ.ಮೀ. ಇದ್ದರೆ ನಾಟಿಕಲ್ ಮೈಲಿ 1.852 ಕಿ.ಮೀ. ಅದಕ್ಕೆ ಹುಟ್ಟೇ ಭೂಮಿಯ ಅಳತೆಯಿಂದ. ಅಕ್ಷಾಂಶದ ಒಂದು ಡಿಗ್ರಿಯನ್ನು 60 ಪಾಲು ಮಾಡಿದರೆ ಒಂದು ಪಾಲು ಒಂದು ನಾಟಿಕಲ್ ಮೈಲಿ. ದೇವನಹಳ್ಳಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಭೂಮಿಯ ಮೈಮೇಲೆ ಹತ್ತಿರದ ದಾರಿ ಹಿಡಿದರೆ 126 ಡಿಗ್ರಿಗೆ ಚೂರು ಕಮ್ಮಿ. 60ರಿಂದ ಗುಣಿಸಿ ನೋಡಿ, 7,550ರ ಹತ್ತಿರ ಬರುತ್ತದೆ. ಇಡೀ ಭೂಮಿ ಸುತ್ತಿದರೆ 360 ಡಿಗ್ರಿ. ನೀವು ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಸುತ್ತಿ ಮಗಳ ಮನೆ ಸೇರುತ್ತೀರಿ.

ಆ ಹತ್ತಿರದ ದಾರಿ ಯಾವುದು ಅನ್ನುವುದು ಗೋಡೆಯ ನಕ್ಷೆಯಲ್ಲಿ ಕಾಣುವುದಿಲ್ಲ. ಸಾಮಾನ್ಯವಾದ ಮರ್ಕೇಟರ್ ನಕ್ಷೆಯಲ್ಲಿ ಬೆಂಗಳೂರಿನಿಂದ ಪೂರ್ವಕ್ಕೆ, ಪೆಸಿಫಿಕ್ ಸಾಗರದ ಮೇಲೆ ನೇರ ಗೆರೆ ಎಳೆದು, ಅದೇ ಗೆರೆ ಹಿಡಿದು ಹಾರಿದರೆ ಸುಮಾರು 16,100 ಕಿ.ಮೀ. ಆಗುತ್ತದೆ. ಅಂದರೆ 2,100 ಕಿ.ಮೀ. ಸುಮ್ನೆ ಜಾಸ್ತಿ. ನಿಮ್ಮ ಶಾಲೆಯಲ್ಲಿ ಗ್ಲೋಬ್ ಇದ್ದರೆ ಒಂದು ದಾರ ತೆಗೆದುಕೊಂಡು ಎರಡು ಊರಿಗೂ ಬಿಗಿಯಾಗಿ ಹಿಡಿಯಿರಿ. ದಾರ ಪೂರ್ವಕ್ಕೆ ಹೋಗುವುದೇ ಇಲ್ಲ. ಉತ್ತರದಿಂದ 20 ಡಿಗ್ರಿಯಷ್ಟು ಬಲಕ್ಕೆ ವಾಲಿ ಟಿಬೆಟ್ ಮೇಲೆ ಏರುತ್ತದೆ. ಸೈಬೀರಿಯಾ ದಾಟಿ 71 ಡಿಗ್ರಿ ಉತ್ತರದವರೆಗೆ ಹೋಗುತ್ತದೆ, ಅದು ಆರ್ಕ್ಟಿಕ್ ಸಮುದ್ರದ ದಂಡೆ. ಅಲ್ಲಿಂದ ಕೆಳಗಿಳಿದು ಅಲಾಸ್ಕಾ ಮೇಲೆ ಕ್ಯಾಲಿಫೋರ್ನಿಯಾಕ್ಕೆ ಬರುತ್ತದೆ. ಜಾಲತಾಣಗಳು ಹೇಳುವ 13,990 ಕಿ.ಮೀ. ಈ ದಾರದ ಉದ್ದ.

ವಿಮಾನ ಈ ದಾರದ ಮೇಲೇ ಹಾರುವುದಿಲ್ಲ. ಟಿಬೆಟ್ ಪ್ರಸ್ಥಭೂಮಿಯ ಸರಾಸರಿ ಎತ್ತರವೇ 4,500 ಮೀಟರ್. ಒಳಗಿನ ಗಾಳಿಯ ಒತ್ತಡ ಹೋದರೆ ವಿಮಾನ ಬೇಗ 10,000 ಅಡಿಗೆ ಇಳಿಯಬೇಕು, ಜನ ಉಸಿರಾಡಬೇಕಲ್ಲ. ಅಲ್ಲಿ ನೆಲವೇ ಅದಕ್ಕಿಂತ ಮೇಲಿದೆ. ಆದ್ದರಿಂದ ಸುತ್ತಿ ಹೋಗುತ್ತಾರೆ. ದೇಶಗಳ ಅನುಮತಿಯ ವಿಷಯವೂ ಇದೆ. 2022ರಿಂದ ಅಮೆರಿಕದ ಕಂಪನಿಗಳ ವಿಮಾನ ರಷ್ಯಾ ಮೇಲೆ ಹಾರುವಂತಿಲ್ಲ, ಭಾರತದ ವಿಮಾನ ಹಾರಬಹುದು. ಹೀಗೆ ಒಂದೇ ಜೋಡಿ ಊರಿಗೆ ಒಬ್ಬೊಬ್ಬರ ದಾರಿ ಒಂದೊಂದು ಉದ್ದ.

ಈಗ ಆ ಒಂದು ಗಂಟೆಯ ವಿಷಯ. ಭೂಮಿ ತಿರುಗುವಾಗ ಗಾಳಿಯೂ ಅದರ ಜೊತೆಗೇ ತಿರುಗುತ್ತದೆ, ವಿಮಾನ ಆ ಗಾಳಿಯೊಳಗೆ ಇರುತ್ತದೆ. ಓಡುವ ಬಸ್ಸಿನಲ್ಲಿ ಕಂಡಕ್ಟರ್ ಹಿಂದಿನಿಂದ ಮುಂದಕ್ಕೆ ಬಂದರೂ, ಮುಂದಿನಿಂದ ಹಿಂದಕ್ಕೆ ಹೋದರೂ ಹೆಜ್ಜೆ ಅಷ್ಟೇ ತಾನೇ. ತಮ್ಮ, ನಿಮ್ಮ ಮಾತಿನಲ್ಲಿ ಒಂದು ನಿಜವೂ ಇದೆ. ಬಿಸಿಯಾದ ಗಾಳಿ ಧ್ರುವದ ಕಡೆ ಹೊರಟಾಗ ಅದನ್ನು ಪೂರ್ವಕ್ಕೆ ತಿರುಗಿಸುವುದು ಭೂಮಿಯ ಈ ಸುತ್ತಾಟವೇ. ಹಾಗಾಗಿ ನಡು ಅಕ್ಷಾಂಶಗಳಲ್ಲಿ, ಸುಮಾರು 10 ಕಿ.ಮೀ. ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಗಾಳಿಯ ನದಿಯೇ ಹರಿಯುತ್ತದೆ. ಅದೇ ಜೆಟ್ ಸ್ಟ್ರೀಮ್. ಚಳಿಗಾಲದಲ್ಲಿ ಜಪಾನ್ ಮೇಲೆ ಅದರ ವೇಗ ಗಂಟೆಗೆ 300 ಕಿ.ಮೀ. ದಾಟುವುದುಂಟು. 1920ರ ದಶಕದಲ್ಲಿ ಓಯಿಶಿ ಅನ್ನುವ ಜಪಾನಿ ವಿಜ್ಞಾನಿ ಬಲೂನು ಹಾರಿಸಿ ಹಾರಿಸಿ ಇದನ್ನು ಕಂಡುಕೊಂಡರು. ಅದನ್ನು ಎಸ್ಪೆರಾಂಟೊ ಅನ್ನುವ, ಕೆಲವೇ ಜನ ಬಲ್ಲ ಕೃತಕ ಭಾಷೆಯಲ್ಲಿ ಪ್ರಕಟಿಸಿದರು, ಹೊರಗಿನ ಜಗತ್ತು ಗಮನಿಸಲಿಲ್ಲ. 1944ರಲ್ಲಿ ಜಪಾನ್ ಮೇಲೆ ಹೋದ ಅಮೆರಿಕದ ಬಾಂಬರ್‌ಗಳಿಗೆ ಆ ಗಾಳಿ ಎದುರಾಯಿತು.

ನಮ್ಮ ದುಬಾರೆಯಲ್ಲಿ ಕಾವೇರಿ ದಾಟಿಸುವ ದೋಣಿಯವರನ್ನು ನೋಡಿ. ಹೊಳೆ ತುಂಬಿದಾಗ ಅವರು ಎದುರು ದಡಕ್ಕೆ ನೇರ ಮೂತಿ ಇಡುವುದಿಲ್ಲ. ನೀರಿನ ಎಳೆತ ಎಷ್ಟು ಅಂತ ಅಂದಾಜು ಮಾಡಿ ಮೇಲ್ಗಡೆಗೆ ಮೂತಿ ಇಡುತ್ತಾರೆ. ನಾನು 24 ವರ್ಷ ಪೆನ್ಸಿಲ್‌ನಲ್ಲಿ ಮಾಡಿದ ಲೆಕ್ಕವೂ ಅದೇ. ಚಂಡೀಗಢದಿಂದ ಲೇಹ್ ಸುಮಾರು 390 ಕಿ.ಮೀ. ದೂರ. ಎಎನ್-12ರಲ್ಲಿ ಸಾಮಾನು ತುಂಬಿಕೊಂಡು ಹೋಗುತ್ತಿದ್ದೆವು. ಅದೇ ವಿಮಾನ, ಅದೇ ಭಾರ, ಅದೇ ಕಣಿವೆಗಳ ದಾರಿ. ಒಂದು ದಿನ 50 ನಿಮಿಷ, ಇನ್ನೊಂದು ದಿನ ಒಂದು ಗಂಟೆ ದಾಟುತ್ತಿತ್ತು. ಬೆಟ್ಟಗಳು ಒಂದಿಂಚೂ ಸರಿದಿರುತ್ತಿರಲಿಲ್ಲ.

ಒಂದು ಸಣ್ಣ ಲೆಕ್ಕ ಮಾಡಿ. ದೂರ 14,000 ಕಿ.ಮೀ., ವಿಮಾನದ ವೇಗ 900 ಅಂದುಕೊಳ್ಳಿ. ಗಾಳಿಯೇ ಇಲ್ಲದಿದ್ದರೆ ಹದಿನೈದೂವರೆ ಗಂಟೆ. ಬೆನ್ನ ಹಿಂದೆ 100ರ ಗಾಳಿ ಇದ್ದರೆ ನೆಲದ ಮೇಲಿನ ವೇಗ 1,000, ಆಗ 14 ಗಂಟೆ. ಅದೇ ಗಾಳಿ ಎದುರಾದರೆ ವೇಗ 800, ಆಗ ಹದಿನೇಳೂವರೆ. ಹೋಗುವಾಗ ಉಳಿಸಿದ್ದಕ್ಕಿಂತ ಬರುವಾಗ ಕಳೆದುಕೊಂಡದ್ದು ಜಾಸ್ತಿ, ಯಾಕೆಂದರೆ ಎದುರುಗಾಳಿಯಲ್ಲಿ ನೀವು ಹೆಚ್ಚು ಹೊತ್ತು ಇರುತ್ತೀರಿ. ನಿಜದಲ್ಲಿ 14,000 ಕಿ.ಮೀ. ಉದ್ದಕ್ಕೂ ಒಂದೇ ಗಾಳಿ ಇರುವುದಿಲ್ಲ. ಆದರೂ ನಿಮ್ಮ 16 ಮತ್ತು 17ರ ಗುಟ್ಟು ಇದೇ.

2016ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ತನ್ನ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ವಿಮಾನವನ್ನು ಅಟ್ಲಾಂಟಿಕ್ ದಾರಿ ಬಿಡಿಸಿ ಪೆಸಿಫಿಕ್ ಮೇಲೆ ಕಳಿಸಿತು. ಹಳೆಯ ದಾರಿ 13,900 ಕಿ.ಮೀ., ಹೊಸದು 15,300. ದೂರ 1,400 ಕಿ.ಮೀ. ಜಾಸ್ತಿ. ತಲುಪಿದ್ದು ಹದಿನಾಲ್ಕೂವರೆ ಗಂಟೆಯಲ್ಲಿ, ಹಳೆಯ ದಾರಿಗಿಂತ ಎರಡು ಗಂಟೆಯಷ್ಟು ಬೇಗ! ಆ ಸುದ್ದಿ ಓದಿದ ದಿನ ನಾನು ತೋಟದಿಂದ ಓಡಿ ಬಂದು ಹಳೆಯ ನಕ್ಷೆ ಬಿಚ್ಚಿ ಕೂತಿದ್ದೆ.

ತುಮಕೂರು ಟು ಸನ್ನಿವೇಲ್
15 ನವೆಂಬರ್ 2023

ಸರ್, ತಿದ್ದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಕಂಡಕ್ಟರ್ ಮಾತು ಇನ್ನು ಮರೆಯುವುದಿಲ್ಲ.

ಮೇಡಂ, ಒಂದು ವಿಷಯ ಬಿಟ್ಟುಹೋಗಿತ್ತು. ಟಿಕೆಟ್‌ನ 16 ಗಂಟೆ ಅಂದರೆ ಇಲ್ಲಿಯ ಗೇಟ್ ಬಿಟ್ಟಲ್ಲಿಂದ ಅಲ್ಲಿಯ ಗೇಟ್ ಸೇರುವವರೆಗೆ. ರನ್‌ವೇವರೆಗೆ ನಿಧಾನವಾಗಿ ಉರುಳುವುದು, ಸರದಿಯಲ್ಲಿ ನಿಲ್ಲುವುದು ಎಲ್ಲಾ ಅದರಲ್ಲೇ ಸೇರಿದೆ. ಗಾಳಿಯಲ್ಲಿ ಇರುವುದು ಅದಕ್ಕಿಂತ ಅರ್ಧ ಗಂಟೆಗೂ ಜಾಸ್ತಿ ಕಮ್ಮಿ. ಆದರೆ ಸೀಟಿನಲ್ಲಿ ಕೂರುವುದು ಬಾಗಿಲು ಹಾಕುವ ಮುಂಚೆಯಿಂದಲೇ, ಆದ್ದರಿಂದ ಮೊಣಕಾಲಿಗೆ 17 ಗಂಟೆ ಅಂತಲೇ ಲೆಕ್ಕ ಇಟ್ಟುಕೊಳ್ಳಿ.

ಇಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮಂಜು ಕವಿದರೆ ತಡವಾಗುವುದುಂಟು. ವಿಮಾನ ಇಳಿಯುವ ಎರಡು ರನ್‌ವೇಗಳು ಅಕ್ಕಪಕ್ಕ, ಮಧ್ಯೆ 750 ಅಡಿ ಮಾತ್ರ ಅಂತರ. ಬಿಸಿಲಿದ್ದಾಗ ಎರಡು ವಿಮಾನ ಜೋಡಿಯಾಗಿ ಇಳಿಯುತ್ತವೆ, ನೋಡೋಕೆ ಬಹಳ ಚೆಂದ. ಮಂಜಿನಲ್ಲಿ ಪೈಲಟ್‌ಗಳಿಗೆ ಒಬ್ಬರಿಗೊಬ್ಬರು ಕಾಣುವುದಿಲ್ಲ, ಹಾಗಾಗಿ ಒಂದೊಂದೇ ಇಳಿಸುತ್ತಾರೆ. ಮಗಳಿಗೆ ತುಂಬಾ ಮುಂಚೆ ಬಂದು ಕಾಯಬೇಡ ಅಂತ ಹೇಳಿ. ನೀವು ಇಳಿದ ಮೇಲೂ ಇಮಿಗ್ರೇಷನ್, ಲಗೇಜ್ ಅಂತ ಒಂದೂವರೆ ಗಂಟೆ ಆಗಬಹುದು.

ಮಲ್ಲಿಗೆ ಮೊಗ್ಗು, ಮೈಸೂರು
16 ನವೆಂಬರ್ 2023

ಅಕ್ಕಾ, ನಾನು ಇದೇ ದಾರಿಯಲ್ಲಿ ಎರಡು ಸಲ ಹೋಗಿ ಬಂದಿದ್ದೇನೆ, ಎರಡೂ ಸೊಸೆಯ ಬಾಣಂತನಕ್ಕೆ. ನನಗೂ ಸಕ್ಕರೆ ಇದೆ.

ನಾನು ಕೈಗಡಿಯಾರವನ್ನು ಇಳಿಯುವವರೆಗೂ ಭಾರತದ ಸಮಯದಲ್ಲೇ ಇಟ್ಟುಕೊಂಡೆ. ಕಿಟಕಿಯ ಹೊರಗೆ ಬೆಳಕೋ ಕತ್ತಲೋ ನೋಡಲೇ ಇಲ್ಲ. ನಿಮ್ಮದು ಮಧ್ಯಾಹ್ನದ ವಿಮಾನ, ಬೆಳಗಿನ ಮಾತ್ರೆ ಮನೆಯಲ್ಲೇ ಮುಗಿದಿರುತ್ತೆ. ರಾತ್ರಿ ಮಾತ್ರೆ ಗಡಿಯಾರದಲ್ಲಿ ಎಂಟಾದಾಗ ಊಟದ ಜೊತೆ. ಇಳಿಯುವ ಹೊತ್ತಿಗೆ ನಮ್ಮ ಮೈಗೆ ಬೆಳಿಗ್ಗೆ ಆರೂವರೆ, ಆದರೆ ಅಲ್ಲಿ ಸಂಜೆ. ಗೊಂದಲ ಶುರುವಾಗುವುದು ಅಲ್ಲಿಂದ. ಆ ಮೊದಲ ರಾತ್ರಿ ಏನು ಮಾಡಬೇಕು, ಥೈರಾಯ್ಡ್ ಮಾತ್ರೆ ಯಾವಾಗ ಅಂತ ನಿಮ್ಮ ಡಾಕ್ಟರ್ ಹತ್ತಿರ ಈಗಲೇ ಕೇಳಿ, ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ನನ್ನ ಡಾಕ್ಟರ್ ನನಗೆ ಹೇಳಿದ್ದು ನಿಮಗೆ ಹೊಂದಬೇಕು ಅಂತಿಲ್ಲ. ಮಾತ್ರೆ ಎಲ್ಲಾ ಕೈಚೀಲದಲ್ಲಿ ಇರಲಿ, ದೊಡ್ಡ ಪೆಟ್ಟಿಗೆಗೆ ಹಾಕಬೇಡಿ. ಡಾಕ್ಟರ್ ಚೀಟಿಯೂ ಜೊತೆಗಿರಲಿ.

ಊಟಕ್ಕೆ ಮುಂಚೆಯೇ ಹೇಳಿಡಬೇಕು. ಏಷ್ಯನ್ ವೆಜಿಟೇರಿಯನ್ ಮೀಲ್ ಅಂತ ಕೇಳಿ. ಹಿಂದೂ ಮೀಲ್ ಅಂತ ಕೇಳಿದರೆ ಅದರಲ್ಲಿ ಮಾಂಸ ಬರಬಹುದು, ನನಗೆ ಮೊದಲನೇ ಸಲ ಹಾಗೇ ಆಯಿತು. ಪಕ್ಕದಲ್ಲಿ ಕೂತಿದ್ದ ಹುಡುಗಿ ತನ್ನ ಚಪಾತಿ ಕೊಟ್ಟಳು. ಕಡೆಯ ಸೀಟು, ಅಂದರೆ ಓಡಾಡುವ ದಾರಿಯ ಪಕ್ಕದ್ದು ತೆಗೆದುಕೊಳ್ಳಿ. ನಾನು ಗಂಟೆಗೊಮ್ಮೆ ಎದ್ದು ಹಿಂದಿನವರೆಗೆ ನಡೆದು ಬರುತ್ತಿದ್ದೆ. ವೀಲ್‌ಚೇರ್ ಕೇಳಲು ಸಂಕೋಚ ಬೇಡ ಅಕ್ಕಾ. ನಡೆಯುವ ಶಕ್ತಿ ಇದ್ದರೂ ಆ ಇಮಿಗ್ರೇಷನ್ ಸಾಲಿನಲ್ಲಿ ನಿಲ್ಲುವ ಶಕ್ತಿ ಮೊಣಕಾಲಿಗೆ ಇರುವುದಿಲ್ಲ.

ಇನ್ನೊಂದು ಮಾತು. ಈ ದಾರಿಯ ಮೊದಲ ವಿಮಾನ 2021ರ ಜನವರಿ 9ರಂದು ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟು 11ರಂದು ನಮ್ಮ ಬೆಂಗಳೂರಿಗೆ ಬಂತು. ಅದನ್ನು ಹಾರಿಸಿಕೊಂಡು ಬಂದವರೆಲ್ಲ ಹೆಣ್ಣುಮಕ್ಕಳು. ಕ್ಯಾಪ್ಟನ್ ಝೋಯಾ ಅಗರ್‌ವಾಲ್, ಜೊತೆಗೆ ತನ್ಮಯಿ ಪಾಪಗಾರಿ, ಆಕಾಂಕ್ಷಾ ಸೋನಾವರೆ, ಶಿವಾನಿ ಮನ್ಹಾಸ್. ಉತ್ತರ ಧ್ರುವದ ಮೇಲಿಂದ ಸುಮಾರು 17 ಗಂಟೆ. ನಾನು ಮೊದಲ ಸಲ ಹತ್ತುವಾಗ ಕಾಲು ನಡುಗುತ್ತಿತ್ತು. ಆ ನಾಲ್ವರನ್ನು ನೆನೆಸಿಕೊಂಡೇ ಒಳಗೆ ಹೋದೆ. ಸರ್ ಹೇಳಿದ ದಾರ 71 ಡಿಗ್ರಿಗೆ ನಿಲ್ಲುತ್ತದಲ್ಲ, ಮತ್ತೆ ಇವರು ಧ್ರುವದವರೆಗೆ ಯಾಕೆ ಹೋದರು?

ಹಳೆಯ ನ್ಯಾವಿಗೇಟರ್, ಮಡಿಕೇರಿ
16 ನವೆಂಬರ್ 2023

ಒಳ್ಳೆಯ ಪ್ರಶ್ನೆ ಕೇಳಿದಿರಿ ತಂಗಿ. ಅವರು ಬಂದದ್ದು ಚಳಿಗಾಲದಲ್ಲಿ, ಅಮೆರಿಕದಿಂದ ಭಾರತಕ್ಕೆ. ಜೆಟ್ ಸ್ಟ್ರೀಮ್ ಜೋರಾಗಿರುವುದು ನಡು ಅಕ್ಷಾಂಶಗಳಲ್ಲಿ. ಎದುರುಗಾಳಿಯಿಂದ ತಪ್ಪಿಸಿಕೊಳ್ಳಬೇಕಾದರೆ ಇನ್ನೂ ಉತ್ತರಕ್ಕೆ ಸರಿಯಬೇಕು, ಅಲ್ಲಿ ಗಾಳಿ ಮೆತ್ತಗಿರುತ್ತದೆ. ದಾರಕ್ಕಿಂತ ದಾರಿ ಉದ್ದವಾದರೂ ಗಂಟೆ ಉಳಿಯುತ್ತದೆ. ಹೊರಡುವ ಮುಂಚೆ ಆ ದಿನದ ಗಾಳಿಯ ನಕ್ಷೆ ನೋಡಿಯೇ ದಾರಿ ಗುರುತು ಮಾಡುತ್ತಾರೆ. ನಿನ್ನೆಯ ದಾರಿ ಇವತ್ತು ಇರಬೇಕು ಅಂತಿಲ್ಲ.

ಧ್ರುವದ ಹತ್ತಿರ ದಿಕ್ಸೂಚಿಯೂ ನಂಬಿಕೆಗೆ ಬರುವುದಿಲ್ಲ. ಅಲ್ಲಿ ಕೂತು ದಾರಿ ಹುಡುಕುವುದು ಏನು ಅಂತ ನನಗೆ ಗೊತ್ತಿರುವುದರಿಂದ ಹೇಳುತ್ತೇನೆ, ಆ ನಾಲ್ವರ ಕೆಲಸ ದೊಡ್ಡದು.

ಹೇಮಾವತಿ ತೀರ, ಹಾಸನ
19 ನವೆಂಬರ್ 2023

ಎಲ್ಲರಿಗೂ ಹೇಗೆ ಕೃತಜ್ಞತೆ ಹೇಳಬೇಕೋ ತಿಳಿಯದು. ನಿನ್ನೆ ನಮ್ಮ ಹಳೇ ಶಾಲೆಗೆ ಹೋಗಿದ್ದೆ. ಸ್ಟಾಫ್ ರೂಮಿನ ಬೀರುವಿನ ಮೇಲೆ ಗ್ಲೋಬ್ ಇತ್ತು. ಒಂಬತ್ತನೇ ತರಗತಿಯ ನಾಲ್ಕು ಮಕ್ಕಳನ್ನು ಕರೆದುಕೊಂಡು ಹೂ ಕಟ್ಟುವ ದಾರ ಹಿಡಿದೆವು. ಒಬ್ಬ ಹುಡುಗ ಬೆಂಗಳೂರಿನಲ್ಲಿ ಬೆರಳಿಟ್ಟ, ಒಬ್ಬಳು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಬಿಗಿ ಮಾಡಿದ ಕೂಡಲೇ ದಾರ ಪೆಸಿಫಿಕ್ ಸಮುದ್ರದಿಂದ ಜಾರಿ ತಾನಾಗಿಯೇ ಮೇಲಕ್ಕೆ ಹೋಗಿ ಸೈಬೀರಿಯಾದ ಮೇಲೆ ನಿಂತಿತು. ಮಕ್ಕಳು ಹೋ ಅಂದರು. ನಾನೂ ಅಂದೆ. ಆಮೇಲೆ ಅದೇ ದಾರವನ್ನು ಸಮಭಾಜಕದ ಮೇಲೆ ಇಟ್ಟು ಅಳೆದೆವು. ಇಡೀ ಸುತ್ತು 40,075 ಕಿ.ಮೀ. ಅಂತ ಇಟ್ಟು ತ್ರೈರಾಶಿ ಹಾಕಿದ ಹುಡುಗಿಗೆ 14,000ದ ಹತ್ತಿರ ಬಂತು. ಆ ದಾರವನ್ನು ನನ್ನ ಡೈರಿಯಲ್ಲಿ ಇಟ್ಟುಕೊಂಡಿದ್ದೇನೆ.

ಡಾಕ್ಟರ್ ಹತ್ತಿರ ಮಾತ್ರೆಯ ವೇಳೆ ಬರೆಸಿಕೊಂಡೆ. ಏಷ್ಯನ್ ವೆಜಿಟೇರಿಯನ್ ಊಟ, ಕಡೆಯ ಸೀಟು, ವೀಲ್‌ಚೇರ್ ಮೂರೂ ಮಗಳು ಮಾಡಿಸಿದ್ದಾಳೆ. ತಂಗಿ, ವೀಲ್‌ಚೇರ್ ವಿಷಯ ನೀವು ಹೇಳದಿದ್ದರೆ ನಾನು ಕೇಳುತ್ತಲೇ ಇರಲಿಲ್ಲ.

ಹೇಮಾವತಿ ತೀರ
9 ಡಿಸೆಂಬರ್ 2023

ತಲುಪಿದ್ದೇನೆ. ಇದನ್ನು ಫ್ರೀಮಾಂಟ್‌ನಿಂದ ಬರೆಯುತ್ತಿದ್ದೇನೆ. ನ್ಯಾವಿಗೇಟರ್ ಸರ್ ಸಲುವಾಗಿ ಎಲ್ಲವನ್ನೂ ಭಾರತದ ಸಮಯದಲ್ಲೇ ಗುರುತು ಹಾಕಿಕೊಂಡಿದ್ದೆ. ಗೇಟ್ ಬಿಟ್ಟಿದ್ದು 2:30. ಚಕ್ರ ನೆಲ ಬಿಟ್ಟಿದ್ದು 2:55. ನೆಲ ಮುಟ್ಟಿದ್ದು ಬೆಳಿಗ್ಗೆ 6:10. ಗೇಟ್‌ಗೆ ಬಂದಿದ್ದು 6:25. ಗಾಳಿಯಲ್ಲಿ 15 ಗಂಟೆ 15 ನಿಮಿಷ, ಒಟ್ಟು 16ಕ್ಕೆ 5 ನಿಮಿಷ ಕಮ್ಮಿ.

ಮುಂದಿನ ಸೀಟಿನ ಹಿಂಬದಿಯ ಪರದೆಯಲ್ಲಿ ದಾರಿ ತೋರಿಸುತ್ತಿದ್ದರು. ಗ್ಲೋಬಿನ ದಾರದಂತೆ ಹೋಗಲಿಲ್ಲ ಸರ್. ಬಂಗಾಳ ಕೊಲ್ಲಿ, ಮ್ಯಾನ್ಮಾರ್, ಚೀನಾ, ಆಮೇಲೆ ಜಪಾನ್. ಜಪಾನ್ ಹತ್ತಿರ ಬರುವಾಗ ವೇಗ ಏರತೊಡಗಿತು. 950 ಇದ್ದದ್ದು 1,050 ಆಯಿತು, 1,120 ಆಯಿತು. 1,180 ಕಂಡಾಗ ನಾನು ಎದ್ದು ನಿಂತುಬಿಟ್ಟೆ. ಪಕ್ಕದಲ್ಲಿದ್ದ ದಾವಣಗೆರೆಯ ಹುಡುಗನನ್ನು ಎಬ್ಬಿಸಿ, ಇದು ಗಾಳಿ ತಳ್ಳುತ್ತಿರುವುದು ಕಣಪ್ಪಾ, 1920ರ ದಶಕದಲ್ಲಿ ಬಲೂನು ಬಿಟ್ಟು ಕಂಡುಹಿಡಿದದ್ದು ಇದನ್ನೇ ಅಂತ ಪೂರ್ತಿ ಕಥೆ ಹೇಳಿದೆ. ಅವನೂ ಆಮೇಲೆ ಪರದೆ ಬಿಟ್ಟು ಅಲ್ಲಾಡಲಿಲ್ಲ. ಇಳಿಯುವಾಗ ಹಾರಿದ ದೂರ 14,500 ಚಿಲ್ಲರೆ ಕಿಲೋಮೀಟರ್ ತೋರಿಸುತ್ತಿತ್ತು.

ಹೊರಟ ಎರಡೂವರೆ ಮೂರು ಗಂಟೆಯಲ್ಲಿ ಸೂರ್ಯ ಮುಳುಗಿದ. ರಾತ್ರಿ ಬಹಳ ಚಿಕ್ಕದಾಗಿತ್ತು. ಮೋಡದ ಮೇಲೆ ಬೆಳಗಾಯಿತು. ಇಲ್ಲಿ ಇಳಿಯುವ ಹೊತ್ತಿಗೆ ಕೊಲ್ಲಿಯ ನೀರಿನ ಆಚೆ ಸೂರ್ಯ ಮತ್ತೆ ಮುಳುಗುತ್ತಿದ್ದ. ತಾರೀಖು ಮಾತ್ರ ಅದೇ. ಒಂದೇ ತಾರೀಖಿನಲ್ಲಿ ಎರಡು ಸಂಜೆ ನೋಡಿದೆ.

ಮಾತ್ರೆ ತಪ್ಪಲಿಲ್ಲ. ಹದಿಮೂರು ಸಲ ಎದ್ದು ನಡೆದೆ. ಮಗಳು ಚೆನ್ನಾಗಿದ್ದಾಳೆ. ಈ ಗಂಟೆಗಳ ಲೆಕ್ಕವನ್ನೆಲ್ಲ ಅವಳ ಫ್ರಿಡ್ಜ್ ಮೇಲೆ ಅಂಟಿಸಿದ್ದೇನೆ. ಯಜಮಾನರಿಗೆ ಫೋನ್ ಮಾಡಲು ಹದಿಮೂರೂವರೆ ಕೂಡಿಸುವುದು ಈಗ ಬೆರಳಿಲ್ಲದೆ ಬರುತ್ತೆ.

ಹಳೆಯ ನ್ಯಾವಿಗೇಟರ್, ಮಡಿಕೇರಿ
10 ಡಿಸೆಂಬರ್ 2023

ನಿಮ್ಮ ಅಂಕಿಗಳನ್ನು ಮೂರು ಸಲ ಓದಿದೆ ಮೇಡಂ. 14,500ನ್ನು ಹದಿನೈದೂಕಾಲರಿಂದ ಭಾಗಿಸಿದರೆ ಗಂಟೆಗೆ ಸರಾಸರಿ 950. ಏರುವ, ಇಳಿಯುವ ನಿಧಾನವೆಲ್ಲ ಸೇರಿಯೂ ಇಷ್ಟು ಅಂದರೆ ಗಾಳಿ ನಿಮ್ಮನ್ನು ದಾರಿಯುದ್ದಕ್ಕೂ ಚೆನ್ನಾಗಿ ತಳ್ಳಿದೆ. ದಾರಕ್ಕಿಂತ 500 ಕಿ.ಮೀ. ಜಾಸ್ತಿ ಹಾರಿದರೂ ಬೇಗ ಸೇರಿದ್ದೀರಿ.

ಹಳೆಯ ನಕ್ಷೆಯಲ್ಲಿ ನಿಮ್ಮ ದಾರಿಯನ್ನು ಪೆನ್ಸಿಲ್‌ನಲ್ಲಿ ಎಳೆದಿದ್ದೇನೆ. ಬಂಗಾಳ ಕೊಲ್ಲಿ, ಮ್ಯಾನ್ಮಾರ್, ಚೀನಾ, ಜಪಾನ್. 1,180ರ ಪಕ್ಕದಲ್ಲಿ ಒಂದು ಚುಕ್ಕಿ ಇಟ್ಟಿದ್ದೇನೆ. ಮೇ ತಿಂಗಳಲ್ಲಿ ಬರುವಾಗಲೂ ಗೇಟ್, ಚಕ್ರ, ಚಕ್ರ, ಗೇಟ್ ನಾಲ್ಕೂ ಬರೆದಿಡಿ. ಆಗ ಜೆಟ್ ಸ್ಟ್ರೀಮ್ ಸೊರಗಿ ಉತ್ತರಕ್ಕೆ ಸರಿದಿರುತ್ತದೆ, ದಾರಿ ಬೇರೆಯೇ ಇರಬಹುದು. ಅಲಾಸ್ಕಾ ಕಡೆಯ ಜಾಗವನ್ನು ಖಾಲಿ ಬಿಟ್ಟಿದ್ದೇನೆ.